ಮಕ್ಕಳ ಜೊತೆ ಹೊರದೇಶದ ರಸ್ತೆ ಪ್ರವಾಸ: ಶ್ರೀಲಂಕಾನಾ, ಒಮಾನಾ, ಜರ್ಮನಿನಾ?

ಹಾಸನದಲ್ಲಿ ಕೂತು ಹೊರದೇಶದ ರಸ್ತೆ ಪ್ರವಾಸದ ಬಗ್ಗೆ ಓದಲು ಹೊರಟರೆ ಮೊದಲು ಎಡವುವುದು ತಿಂಗಳಲ್ಲಿ. ಎಲ್ಲರೂ ಬೇಸಿಗೆ ರಜೆ ಅಂದರೆ ಜೂನ್, ಜುಲೈ, ಆಗಸ್ಟ್ ಅಂತ ಬರೆದಿರುತ್ತಾರೆ. ಆ ಹೊತ್ತಿಗೆ ನಮ್ಮ ಮಕ್ಕಳಿಗೆ ಶಾಲೆ ಶುರುವಾಗಿ, ರೈನ್‌ಕೋಟ್ ಒಣಗದೆ ಮನೆಯೆಲ್ಲ ವಾಸನೆ ಹೊಡೆಯುತ್ತಿರುತ್ತದೆ. ನಮ್ಮ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ. ಅಷ್ಟರಲ್ಲೇ ಯಾವ ದೇಶ ಹಿಡಿಸುತ್ತದೆ ಅಂತ ನೋಡಬೇಕು.

ನಮ್ಮ ಮನೆಯಲ್ಲಿ ಇಬ್ಬರು. ದೊಡ್ಡವಳಿಗೆ 10, ಚಿಕ್ಕವನಿಗೆ 6. ಮೂರು ವರ್ಷದ ಹಿಂದೆ ಶ್ರೀಲಂಕಾ ಸುತ್ತಿದೆವು. ಹೋದ ವರ್ಷ ಜರ್ಮನಿ, ಜೊತೆಗೆ ಚೂರು ಫ್ರಾನ್ಸ್, ಚೂರು ಸ್ವಿಟ್ಜರ್ಲೆಂಡ್. ಒಮಾನ್‌ನಲ್ಲಿ ನನ್ನ ತಂಗಿ ಎಂಟು ವರ್ಷದಿಂದ ಸಂಸಾರ ಮಾಡುತ್ತಿದ್ದಾಳೆ. ಅಲ್ಲಿನ ರಸ್ತೆಯ ವರದಿ ವಾರಕ್ಕೊಮ್ಮೆ ಫೋನಿನಲ್ಲಿ ಬರುತ್ತದೆ. ಇಷ್ಟೇ ನನ್ನ ಬಂಡವಾಳ.

ಮೊದಲು ಚಾರ್ಮಾಡಿ ಪರೀಕ್ಷೆ

ದೇಶ ಆರಿಸುವ ಮುಂಚೆ ಒಂದು ಭಾನುವಾರ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೂಡಿಗೆರೆ ಮೇಲೆ ಹೋಗಿ ಚಾರ್ಮಾಡಿ ಘಾಟಿ ಇಳಿಯಿರಿ. ಧರ್ಮಸ್ಥಳ ನೋಡಿಕೊಂಡು ಬರುವಾಗ ಶಿರಾಡಿ ಹತ್ತಿ ಬನ್ನಿ. ಕೊಟ್ಟಿಗೆಹಾರದಲ್ಲಿ ಹೊಟ್ಟೆ ತುಂಬ ನೀರುದೋಸೆ ತಿಂದು ಘಾಟಿ ಇಳಿದರೆ ಏನಾಗುತ್ತದೆ ಅಂತ ಗೊತ್ತಿರುವವರಿಗೆ ಗೊತ್ತು. ಒಂದಿಷ್ಟು ಕವರ್ ಇಟ್ಟುಕೊಳ್ಳಿ. ಮಗು ಎಷ್ಟು ಹೊತ್ತಿಗೆ ಮುಖ ಹುಳ್ಳಗೆ ಮಾಡಿತು, ಎಷ್ಟು ಹೊತ್ತಿಗೆ ಜಗಳ ಶುರುವಾಯಿತು ಅಂತ ಬರೆದಿಡಿ. ನಮ್ಮ ಚಿಕ್ಕವನ ಲೆಕ್ಕ ಹೀಗಿತ್ತು: ತಿರುವಿನ ರಸ್ತೆಯಲ್ಲಿ ಒಂದು ಗಂಟೆ, ನೇರ ರಸ್ತೆಯಲ್ಲಿ ಎರಡೂವರೆ ಗಂಟೆ. ನಮ್ಮ ಪ್ರವಾಸಕ್ಕೆ ಇದೇ ಸಂವಿಧಾನ. ಆಮೇಲೆ ಯಾರು ಎಂಥ ಜಾಗ ತೋರಿಸಿದರೂ ನಾನು ಕೇಳುವುದು ಒಂದೇ: ಒಂದು ತಾಣದಿಂದ ಇನ್ನೊಂದಕ್ಕೆ ಎಷ್ಟು ಗಂಟೆ? ಕಿಲೋಮೀಟರ್ ಲೆಕ್ಕ ನನಗೆ ಬೇಡ.

ಇನ್ನೊಂದು ಅಳತೆ ಕಲಿಕೆಯದು. ಪೂರ್ತಿ ಹೊಸದನ್ನು ತೋರಿಸಿದರೆ ಮಕ್ಕಳು "ಚೆನ್ನಾಗಿದೆ" ಅಂದು ಐಸ್‌ಕ್ರೀಮ್ ಕೇಳುತ್ತಾರೆ. ಮನೆ ಹತ್ತಿರ ಕಂಡದ್ದೇ ಅಲ್ಲಿ ಬೇರೆ ವೇಷದಲ್ಲಿ ಸಿಕ್ಕರೆ ನಿಂತು ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಪ್ರತಿ ದೇಶಕ್ಕೂ ನಾನು ಹುಡುಕುವುದು ನಮ್ಮ ಜಿಲ್ಲೆಯಿಂದ ಅಲ್ಲಿಗೆ ಹೋಗುವ ಒಂದು ಎಳೆ.

ಸ್ವಂತ ಕಾರಿನಲ್ಲಿ ನೇಪಾಳ, ಭೂತಾನ್

ಕೆಎ-13 ಬೋರ್ಡಿನ ಕಾರು ಹಿಮಾಲಯದ ಮುಂದೆ ನಿಂತಿರುವ ಫೋಟೋ ಎಲ್ಲ ಗಂಡಸರ ಕನಸು. ನಮ್ಮವರದೂ. ಆದರೆ ಹಾಸನದಿಂದ ಸೋನೌಲಿ ಗಡಿಗೇ 2,000 ಕಿಲೋಮೀಟರ್ ದಾಟುತ್ತದೆ. ನಾಗಪುರ, ಜಬಲ್ಪುರ ಕಡೆ ಮೇ ತಿಂಗಳ ಬಿಸಿಲು ಹೇಗಿರುತ್ತದೆ ಅಂತ ಗೊತ್ತಲ್ವಾ. ಚಿಕ್ಕ ಮಕ್ಕಳಿದ್ದರೆ ಹೋಗಲು ಐದು ದಿನ, ಬರಲು ಐದು ದಿನ. ಗಡಿಯಲ್ಲಿ ಭನ್ಸಾರ್, ಅಂದರೆ ನೇಪಾಳದ ಸುಂಕ, ಕಟ್ಟಿ ಕಾರು ಒಳಗೆ ಬಿಡಿಸಿಕೊಳ್ಳುವುದು ದೊಡ್ಡ ಕಷ್ಟವೇನಲ್ಲ. ಅಲ್ಲಿವರೆಗೆ ತಲುಪುವುದೇ ಕಷ್ಟ.

ಭೂತಾನ್ ಇನ್ನೂ ದೂರ. ಅಲ್ಲಿ ಭಾರತದ ದೊಡ್ಡವರಿಗೆ ಒಂದು ರಾತ್ರಿಗೆ ತಲೆಗೆ 1,200 ರೂಪಾಯಿ ಶುಲ್ಕವೂ ಇದೆ. ಎರಡೂ ಒಳ್ಳೆಯ ದೇಶಗಳೇ. ಆದರೆ ವಿಮಾನದಲ್ಲಿ ಹೋಗಿ ಅಲ್ಲೇ ಗಾಡಿ ಮಾಡಿಕೊಳ್ಳಿ. ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಕಾರಿನ ಮಾತು.

ಶ್ರೀಲಂಕಾ: ಮೊದಲ ಸಲಕ್ಕೆ ಇದೇ

ಬೆಂಗಳೂರಿಂದ ವಿಮಾನ ಹತ್ತಿದರೆ ಒಂದೂವರೆ ಗಂಟೆ. ನಾವು ಹಾಸನದಿಂದ ಏರ್‌ಪೋರ್ಟಿಗೆ ಹೋಗಲು ತಗೊಂಡ ಸಮಯದ ಅರ್ಧವೂ ಅಲ್ಲ. ಗಡಿಯಾರ ತಿರುಗಿಸುವ ಹಾಗಿಲ್ಲ, ನಮ್ಮದೇ ಸಮಯ. ಗಾಡಿ ಎಡಗಡೆಯೇ ಓಡುತ್ತದೆ. ಆದರೂ ನೀವೇ ಓಡಿಸಲು ಹೋಗಬೇಡಿ. ನಮ್ಮ ಇಂಟರ್‌ನ್ಯಾಷನಲ್ ಪರ್ಮಿಟ್ ಜೊತೆಗೆ ಅಲ್ಲಿಯದೂ ಒಂದು ಒಪ್ಪಿಗೆ ಪತ್ರ ಬೇಕು. ಅಲ್ಲದೆ ಬಸ್‌ನವರು ನಮ್ಮ ಬಸ್‌ನವರಿಗಿಂತ ಒಂದು ಕೈ ಮೇಲು. ಡ್ರೈವರ್ ಸಮೇತ ವ್ಯಾನ್ ಸುಲಭವಾಗಿ ಸಿಗುತ್ತದೆ. ಬುಕ್ ಮಾಡುವಾಗಲೇ "ಹಿಂದಿನ ಸೀಟಿಗೆ ಬೆಲ್ಟ್ ಇದೆಯಾ" ಅಂತ ಕೇಳಿ, ಫೋಟೋ ತರಿಸಿಕೊಳ್ಳಿ. ನಮಗೆ ಬಂದ ಮೊದಲ ವ್ಯಾನಿನಲ್ಲಿ ಬೆಲ್ಟ್ ಇತ್ತು, ಸಿಕ್ಕಿಸುವ ಕೊಂಡಿ ಇರಲಿಲ್ಲ. ಅರ್ಧ ದಿನ ಬೇರೆ ಗಾಡಿಗೆ ಕಾದೆವು.

ನಾವು ಹೋದ ದಾರಿ: ಕೊಲಂಬೊ ಏರ್‌ಪೋರ್ಟ್, ಸಿಗಿರಿಯ, ಪೊಳನ್ನರುವ, ಕ್ಯಾಂಡಿ, ನುವರ ಎಲಿಯ, ಎಲ್ಲ (ಇದೂ ಊರಿನ ಹೆಸರೇ), ಗಾಲೆ, ಮತ್ತೆ ಕೊಲಂಬೊ. ಹನ್ನೊಂದು ದಿನ.

ಸಿಗಿರಿಯ ಅಂದರೆ ಐದನೇ ಶತಮಾನದಲ್ಲಿ ಕಾಶ್ಯಪ ರಾಜ ಬಂಡೆಯ ನೆತ್ತಿಯ ಮೇಲೆ ಕಟ್ಟಿದ ಅರಮನೆ. ಮೆಟ್ಟಿಲು ಸುಮಾರು 1,200. ಶ್ರವಣಬೆಳಗೊಳದ ದೊಡ್ಡ ಬೆಟ್ಟಕ್ಕೆ ಇರುವುದು ಆರುನೂರ ಚಿಲ್ಲರೆ. ಬೆಳಗೊಳವನ್ನು ಅಳದೆ ಹತ್ತಿ ಇಳಿಯುವ ಮಗು ಸಿಗಿರಿಯಕ್ಕೆ ಪಾಸ್ ಅಂತ ಲೆಕ್ಕ ಹಾಕಿದ್ದೆ. ಆಗ 7 ವರ್ಷದ ದೊಡ್ಡವಳು ಅಪ್ಪನ ಜೊತೆ ಹತ್ತಿದಳು. 3 ವರ್ಷದವನನ್ನು ಕಟ್ಟಿಕೊಂಡು ನಾನು ಕೆಳಗಿನ ಕೊಳಗಳ ಹತ್ತಿರ ಮಂಗ ನೋಡುತ್ತಾ ಕೂತೆ. ಬೆಳಿಗ್ಗೆ ಬೇಗ ಹೋಗಿ. ಹತ್ತು ಗಂಟೆ ಆಯಿತೆಂದರೆ ಬಂಡೆ ಕಾವಲಿ.

ಪೊಳನ್ನರುವದಲ್ಲಿ ನನಗೇ ಗೊತ್ತಿಲ್ಲದ ಒಂದು ಎಳೆ ಸಿಕ್ಕಿತು. ಊರ ಪಕ್ಕದ ದೊಡ್ಡ ಕೆರೆಯ ಹೆಸರು ಪರಾಕ್ರಮ ಸಮುದ್ರ. ದೊಡ್ಡವಳು ಬೋರ್ಡ್ ಓದಿ, "ಅಮ್ಮಾ, ಇದು ಕೆರೆ ಅಲ್ವಾ? ಯಾಕೆ ಸಮುದ್ರ ಅಂತಾರೆ?" ಅಂದಳು. ನಮ್ಮ ಹಳೇಬೀಡಿನ ಹಳೆಯ ಹೆಸರು ದ್ವಾರಸಮುದ್ರ ಅಂತ ನೆನಪಿಸಿದೆ. ಅಲ್ಲೂ ಇರುವುದು ಕೆರೆಯೇ. ಕಾಲವೂ ಹತ್ತಿರ ಹತ್ತಿರ. ವಿಷ್ಣುವರ್ಧನ ಬೇಲೂರಿನ ದೇವಸ್ಥಾನ ಕಟ್ಟಿಸಿದ್ದು 1117ರಲ್ಲಿ. ಪರಾಕ್ರಮಬಾಹು ಪಟ್ಟಕ್ಕೆ ಬಂದದ್ದು ಅದೇ ಶತಮಾನದ ನಡುವೆ. ಇಬ್ಬರು ರಾಜರು, ಎರಡು ಊರು, ಮಳೆ ನೀರು ಹಿಡಿದಿಡುವ ಒಂದೇ ಚಿಂತೆ. ಅವಳು ಊರಿಗೆ ಬಂದ ಮೇಲೆ ಹಳೇಬೀಡಿನ ಕೆರೆ ಏರಿ ಮೇಲೆ ನಿಂತು ಅಜ್ಜಿಗೆ ಇದೇ ಕಥೆ ಹೇಳಿದಳು, ಸ್ವಲ್ಪ ಮಸಾಲೆ ಸೇರಿಸಿ.

ಆದರೆ ನಮ್ಮ ಕಡೆಯವರಿಗೆ ನಿಜವಾದ ಪಾಠ ಇರುವುದು ಕ್ಯಾಂಡಿಯಿಂದ ಮೇಲೆ. ನನ್ನ ತವರು ಮೂಡಿಗೆರೆ ಹತ್ತಿರದ ತೋಟದ ಮನೆ. ಅರೇಬಿಕಾ ಎಲೆ ತಿರುಗಿಸಿದರೆ ಕೆಳಗಡೆ ಕಿತ್ತಳೆ ಬಣ್ಣದ ಪುಡಿ, ಬೆರಳಿಗೆ ಹತ್ತುತ್ತದೆ. ತುಕ್ಕು ರೋಗ. ಅಪ್ಪ ಬೋರ್ಡೋ ದ್ರಾವಣ ಹೊಡೆಸುವುದು ಇದಕ್ಕೇ. ಒಂದು ಕಾಲಕ್ಕೆ ಸಿಲೋನ್ ಕೂಡ ಕಾಫಿ ನಾಡಾಗಿತ್ತು. 1869ರಲ್ಲಿ ಅಲ್ಲಿ ಈ ತುಕ್ಕು ಕಾಣಿಸಿಕೊಂಡಿತು. ಮುಂದಿನ ಇಪ್ಪತ್ತು, ಮೂವತ್ತು ವರ್ಷದಲ್ಲಿ ಕಾಫಿ ಬಹುತೇಕ ಮುಗಿದೇ ಹೋಯಿತು. ಅದಕ್ಕೆ ಎರಡು ವರ್ಷ ಮೊದಲೇ, 1867ರಲ್ಲಿ, ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು ಕ್ಯಾಂಡಿ ಸೀಮೆಯ ತೋಟವೊಂದರಲ್ಲಿ ಟೀ ಹಾಕಿ ನೋಡಿದ್ದ. ಕಾಫಿ ಸತ್ತ ಗುಡ್ಡಗಳಿಗೆಲ್ಲ ಆ ಟೀ ಹಬ್ಬಿತು. ನುವರ ಎಲಿಯ ದಾರಿಯ ಹಸಿರು ನೋಡಿ ಎಲ್ಲರೂ ವಾಹ್ ಅನ್ನುತ್ತಾರಲ್ಲ, ಅದರ ಹಿಂದೆ ಇರುವುದು ಒಂದು ಕಾಯಿಲೆ.

ಇದನ್ನೆಲ್ಲ ಕೇಳಿ ದೊಡ್ಡವಳು, "ಹಾಗಾದ್ರೆ ಅಜ್ಜ ಯಾಕೆ ಟೀ ಹಾಕಿಲ್ಲ?" ಅಂದಳು. ಊರಿಗೆ ಬಂದ ಮೇಲೆ ಅಪ್ಪ ಒಂದು ಗಂಟೆ ಉತ್ತರ ಕೊಟ್ಟರು. ರೋಬಸ್ಟಾ, ನೆರಳಿನ ಮರ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಸಂಶೋಧನಾ ಕೇಂದ್ರ, ರೋಗ ತಡೆಯುವ ತಳಿ, ಎಲ್ಲ ಬಂತು.

ಎಡವಿದ್ದು ಒಂದೇ ಕಡೆ. ಏಪ್ರಿಲ್ 12ಕ್ಕೆ ಇಳಿದೆವು. 13, 14 ಸಿಂಹಳ ಮತ್ತು ತಮಿಳು ಹೊಸ ವರ್ಷ. ಅಂಗಡಿ, ಹೋಟೆಲ್ ಎಲ್ಲ ಬಾಗಿಲು. ಹಳೆ ವರ್ಷ ಮುಗಿದು ಹೊಸದು ಹುಟ್ಟುವ ನಡುವೆ ಒಲೆ ಕೂಡ ಹಚ್ಚದ ಒಂದು ಹೊತ್ತಿದೆ, ನೋನಗತೆ ಅಂತಾರೆ. ನಾವಿದ್ದ ಮನೆಯ ಅಜ್ಜಿ ಮರುದಿನ ತೆಂಗಿನ ಹಾಲಿನ ಅನ್ನ, ಕಿರಿಬತ್, ಕೊಟ್ಟರು, ಅದು ಬೇರೆ ಮಾತು. ಆದರೆ ಹಿಂದಿನ ಸಂಜೆ ಮಕ್ಕಳು ಬಿಸ್ಕತ್ತಲ್ಲೇ ಕಳೆದರು. 16ರ ಮೇಲೆ ಹೋಗಿ. ಮೇ ಕೊನೆಗೆ ನೈಋತ್ಯದ ಮಳೆ ಹಿಡಿಯುತ್ತದೆ, ಅಷ್ಟರೊಳಗೆ ಬನ್ನಿ. ಸಸ್ಯಾಹಾರಿಗಳು ತೆಂಗಿನಕಾಯಿ ಚಟ್ನಿಯಂಥ ಸಂಬಲ್ ಹಾಕಿಸಿಕೊಳ್ಳುವ ಮುಂಚೆ "ಉಂಬಲಕಡ ಇದೆಯಾ" ಅಂತ ಕೇಳಿ. ಅದು ಒಣಮೀನು.

ಜರ್ಮನಿ, ಬಾಸೆಲ್: ಅಟ್ಟದ ಮೇಲಿನ ಹೆಂಚಿನಿಂದ ಶುರು

ತವರಿನ ಅಟ್ಟ ಹತ್ತಿ ಟಾರ್ಚ್ ಬಿಟ್ಟರೆ ಹೆಂಚಿನ ಒಳಮೈಯಲ್ಲಿ ಉಬ್ಬು ಅಕ್ಷರ ಕಾಣುತ್ತದೆ. ಎರಡು ವರ್ಷದ ಹಿಂದೆ ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡಿಸುವಾಗ ಒಂದು ಒಡೆದು ಕೆಳಗೆ ಬಂತು. ಹೊರಗಡೆ ಪಾಚಿ ಒಣಗಿ ಕಪ್ಪು, ಒಳಗಡೆ ಇನ್ನೂ ಕೆಂಪು. ದೊಡ್ಡವಳು ಅಕ್ಷರದ ಮೇಲೆ ಬೆರಳಾಡಿಸಿ ಕೂಡಿಸಿ ಓದಿದಳು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. "ಬಾಸೆಲ್ ಅಂದ್ರೆ ಎಲ್ಲಿ?" ಸ್ವಿಟ್ಜರ್ಲೆಂಡ್ ಅಂದೆ. "ಹೆಂಚು ಅಲ್ಲಿಂದ ಬಂತಾ?" ಇಲ್ಲ, ಹೆಂಚು ಮಂಗಳೂರಿನ ಜೆಪ್ಪುವಿನದು, ಕಾರ್ಖಾನೆ ಹಾಕಿದ ಕ್ರೈಸ್ತ ಮಿಷನ್ನಿನವರು ಅಲ್ಲಿಂದ ಬಂದವರು. ನಮ್ಮ ಎರಡನೇ ಪ್ರವಾಸದ ದಾರಿ ಆ ಹೆಂಚಿನ ಚೂರಿನಿಂದಲೇ ಹೊರಟಿತು.

ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ. ಅಲ್ಲಿ ಕಾರು ಹಿಡಿದು ದಕ್ಷಿಣಕ್ಕೆ. ಮೊದಲು ಬ್ರಾಕೆನ್‌ಹೈಮ್ ಎಂಬ ಪುಟ್ಟ ಊರು. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ, ಮಂಗಳೂರ ಸಮಾಚಾರ, ಹೊರಡಿಸಿದ, ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಅಲ್ಲಿ. ಅಲ್ಲಿಂದ ಟ್ಯೂಬಿಂಗೆನ್. 1894ರಲ್ಲಿ ಬಂದ ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದ, ಅದೇ ಮಿಷನ್ನಿನ ಕಿಟ್ಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಆ ಊರಿನ ವಿಶ್ವವಿದ್ಯಾಲಯ. ಅವರು ತೀರಿಕೊಂಡದ್ದೂ ಆ ಊರಲ್ಲೇ, 1903ರಲ್ಲಿ. ನಿಜ ಹೇಳಬೇಕೆಂದರೆ ಕಿಟ್ಟೆಲ್ ಕಥೆ ಕೇಳಿ ಕಣ್ಣು ತುಂಬಿದ್ದು ನನಗೆ ಮತ್ತು ನಮ್ಮವರಿಗೆ. ಮಕ್ಕಳಿಗೆ ನೆನಪಿರುವುದು ಅಲ್ಲಿನ ನೆಕ್ಕರ್ ನದಿಯಲ್ಲಿ ಉದ್ದನೆ ಗಳ ಊರಿ ತಳ್ಳುವ ದೋಣಿ. ಇರಲಿ.

ಅಲ್ಲಿಂದ ಕಪ್ಪು ಕಾಡು (ಬ್ಲ್ಯಾಕ್ ಫಾರೆಸ್ಟ್) ಎಂಬ ಬೆಟ್ಟದ ಸೀಮೆಯೊಳಗೆ ಗುಟಾಖ್ ಎಂಬ ಹಳ್ಳಿ. ಹಳೆಯ ರೈತರ ಮನೆಗಳನ್ನು ಹಾಗೇ ಇಟ್ಟಿರುವ ಮ್ಯೂಸಿಯಂ ಇದೆ, ಮುಖ್ಯ ಮನೆ 1612ರದು. ಇದು ಮಾತ್ರ ಮಕ್ಕಳಿಗೆ ಹಬ್ಬ. ಒಂದೇ ದೊಡ್ಡ ಮಾಡಿನ ಕೆಳಗೆ ಜನ, ದನ, ಹುಲ್ಲು ಎಲ್ಲ. ಅಡಿಗೆಮನೆಗೆ ಹೊಗೆಗೂಡಿಲ್ಲ. ಹೊಗೆ ತಾಗಿ ತೊಲೆಗಳೆಲ್ಲ ಮಸಿ. ಚಿಕ್ಕವನು ಮೇಲೆ ನೋಡಿ, "ಅಜ್ಜಿ ಮನೆ ಬಚ್ಚಲೊಲೆ ಥರಾನೇ ಇದೆ" ಅಂದ. ಅವರ ಮಾಡು ಕಡಿದಾಗಿರುವುದು ಹಿಮ ಜಾರಲು, ನಮ್ಮದು ಮಳೆ ಜಾರಲು. ಇಷ್ಟು ಹೇಳಿದ್ದು ನಾನು. ಉಳಿದದ್ದನ್ನು ಅವರೇ ಹುಡುಕಿದರು, ಎರಡು ಗಂಟೆ ಹೊರಗೆ ಬರಲಿಲ್ಲ.

ರೈನ್ ನದಿ ದಾಟಿದರೆ ಫ್ರಾನ್ಸ್‌ನ ನ್ಯೂಫ್ ಬ್ರಿಸಾಕ್. ಸಕಲೇಶಪುರದವರು ಇದನ್ನು ಬಿಡಲೇಬಾರದು. ಫ್ರಾನ್ಸ್‌ನ ಕೋಟೆ ಎಂಜಿನಿಯರ್ ವೋಬಾನ್ 1698ರ ಸುಮಾರಿಗೆ ನಕ್ಷೆ ಹಾಕಿದ ಎಂಟು ಮೂಲೆಯ ಊರು. ನಮ್ಮ ಮಂಜರಾಬಾದ್ ಕೋಟೆಯೂ ಎಂಟು ಮೂಲೆಯ ನಕ್ಷತ್ರ. ಟಿಪ್ಪು 1792ರಲ್ಲಿ ಕಟ್ಟಿಸಿದ್ದು ಇದೇ ಫ್ರೆಂಚ್ ಮಾದರಿಯಲ್ಲಿ. ಮೂಲೆ ಯಾಕೆ ಚೂಪಾಗಿರಬೇಕು ಅಂತ ಮಕ್ಕಳಿಗೆ ಹೇಳುವ ಬದಲು ಗೋಡೆಯ ಒಂದು ಮೂಲೆಯಲ್ಲಿ ಒಬ್ಬರನ್ನು, ಪಕ್ಕದ ಮೂಲೆಯಲ್ಲಿ ಇನ್ನೊಬ್ಬರನ್ನು ನಿಲ್ಲಿಸಿ. ನಡುವೆ ನೀವು ಬಚ್ಚಿಟ್ಟುಕೊಳ್ಳಲು ನೋಡಿ. ಎಲ್ಲಿ ನಿಂತರೂ ಒಬ್ಬರಿಗೆ ಕಾಣುತ್ತೀರಿ. ಕೋಟೆ ಪಾಠ ಮುಗಿಯಿತು.

ಬಾಸೆಲ್‌ನಲ್ಲಿ ಮಿಷನ್ ಕಟ್ಟಡದ ಮುಂದೆ ಒಂದು ಫೋಟೋ ಸಾಕು. ಅಲ್ಲಿನ ಕಡತಗಳು ಸಂಶೋಧಕರಿಗೆ. ಮಕ್ಕಳನ್ನು ರೈನ್ ನದಿಯ ಹಳೇ ದೋಣಿಗೆ ಕರೆದೊಯ್ಯಿರಿ. ಮೋಟಾರಿಲ್ಲ, ಹುಟ್ಟಿಲ್ಲ. ನದಿಗೆ ಅಡ್ಡ ಕಟ್ಟಿದ ತಂತಿಗೆ ಸಿಕ್ಕಿಸಿರುತ್ತಾರೆ, ನೀರಿನ ಸೆಳೆತಕ್ಕೇ ದೋಣಿ ಆಚೆ ದಡ ಸೇರುತ್ತದೆ. ನಾವು ನಾಲ್ಕು ಸಲ ದಾಟಿದೆವು.

ಜಿನೀವಾ ಹತ್ತಿರದ ಸರ್ನ್ ಎಂಬ ಭೌತವಿಜ್ಞಾನದ ಪ್ರಯೋಗಾಲಯಕ್ಕೂ ಹೋಗಿ ಅಂತ ಸಲಹೆ ಬರುತ್ತದೆ. ಭಾರತ 2004ರಲ್ಲಿ ಕೊಟ್ಟ ನಟರಾಜ ವಿಗ್ರಹ ಅಲ್ಲಿದೆ ಅನ್ನುವುದು ನಿಜ. 2023ರಲ್ಲಿ ತೆರೆದ ಅದರ ವಿಜ್ಞಾನ ಕೇಂದ್ರಕ್ಕೆ ಪ್ರವೇಶ ಬಿಟ್ಟಿ. ಆದರೆ ಬಾಸೆಲ್‌ನಿಂದ ಸುಮಾರು 250 ಕಿಲೋಮೀಟರ್. 10 ದಾಟದ ಮಕ್ಕಳಿಗಾಗಿ ಅಷ್ಟು ಓಡುವುದು ಬೇಡ ಅಂತ ನಾವು ಬಿಟ್ಟೆವು. ಹಿಮದ ನಡುವಿನ ಸುತ್ತುರಸ್ತೆ ನೋಡಿ ಮರುಳಾದವರಿಗೂ ಒಂದು ಮಾತು: ಫುರ್ಕಾ, ಗ್ರಿಮ್ಸೆಲ್‌ನಂಥ ಎತ್ತರದ ಘಾಟಿಗಳು ಸಾಮಾನ್ಯವಾಗಿ ಜೂನ್‌ವರೆಗೆ ಮುಚ್ಚಿರುತ್ತವೆ. ನಮ್ಮ ರಜೆಗೂ ಅವಕ್ಕೂ ಕೂಡಿ ಬರುವುದಿಲ್ಲ.

ಓಡಿಸುವುದು ಬಲಗಡೆ. ಮೊದಲ ದಿನ ಊರೊಳಗೆ ಹೋಗಬೇಡಿ, ನೇರ ಹೈವೇ ಹಿಡಿಯಿರಿ. ಹೈವೇ ಬದಿಯ ಶೌಚಾಲಯಕ್ಕೆ 1 ಯೂರೋ. ಪುಟ್ಟ ಮಕ್ಕಳಿಗೆ ಪಕ್ಕದಲ್ಲೇ ಮೋಟು ಗೇಟು, ಬಿಟ್ಟಿ. ಚಿಕ್ಕವನು ಬೇಕಿಲ್ಲದಿದ್ದರೂ ಅದರಲ್ಲಿ ನುಗ್ಗಲೆಂದೇ ಇಳಿಯುತ್ತಿದ್ದ. 12 ವರ್ಷದ ಕೆಳಗಿದ್ದು 150 ಸೆಂಟಿಮೀಟರ್ ಮುಟ್ಟದ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ. ಸ್ವಿಟ್ಜರ್ಲೆಂಡ್ ಹೈವೇಗೆ 40 ಫ್ರಾಂಕ್‌ನ ವಿನ್ಯೆಟ್, ಅಂದರೆ ಟೋಲ್ ಚೀಟಿ, ಬೇರೆ ಬೇಕು. ಒಂದು ದೇಶದಲ್ಲಿ ತಗೊಂಡ ಕಾರನ್ನು ಇನ್ನೊಂದರಲ್ಲಿ ಬಿಟ್ಟರೆ ಬಾಡಿಗೆ ಸಿಕ್ಕಾಪಟ್ಟೆ ಏರುತ್ತದೆ. ಅದಕ್ಕೇ ನಾವು ಫ್ರಾಂಕ್‌ಫರ್ಟ್‌ಗೇ ವಾಪಸ್ ಬಂದೆವು.

ನಮ್ಮ ಪೆದ್ದುತನ ಒಂದಿದೆ. ಕಾರು ಬುಕ್ ಆಗಿದ್ದು ನಮ್ಮವರ ಹೆಸರಲ್ಲಿ, ಕ್ರೆಡಿಟ್ ಕಾರ್ಡ್ ನನ್ನ ಹೆಸರಲ್ಲಿ. ಕೌಂಟರಿನವರು ಒಪ್ಪಲೇ ಇಲ್ಲ. ಓಡಿಸುವವರ ಹೆಸರಿನ ಕಾರ್ಡೇ ಬೇಕು, ಅದರಲ್ಲಿ ಡಿಪಾಸಿಟ್ ಹಿಡಿಯುವಷ್ಟು ಲಿಮಿಟ್ ಬೇಕು. ಬ್ಯಾಂಕಿಗೆ ಫೋನ್ ಮಾಡಿ ಲಿಮಿಟ್ ಏರಿಸುವಷ್ಟರಲ್ಲಿ ಎರಡು ಗಂಟೆ. ಮಕ್ಕಳು ಸೂಟ್‌ಕೇಸ್ ಮೇಲೆ ನಿದ್ದೆ.

ಒಮಾನ್: ನಡುವಿನ ದಾರಿ, ಆದರೆ ಏಪ್ರಿಲ್‌ನಲ್ಲಿ ಮಾತ್ರ

ಮೇ ಬಂತೆಂದರೆ ಮಸ್ಕತ್‌ನಲ್ಲಿ 40 ಡಿಗ್ರಿ ದಾಟುತ್ತದೆ. ಹಾಗಾಗಿ ಒಮಾನ್ ಅಂದರೆ ರಜೆ ಸಿಕ್ಕ ಮರುದಿನವೇ ಹೊರಡಬೇಕು, ಏಪ್ರಿಲ್ ಒಳಗೆ ಮುಗಿಸಬೇಕು. ಜಬಲ್ ಅಖ್ದರ್ ಬೆಟ್ಟದ ಮೇಲೆ, ಸುಮಾರು 2,000 ಮೀಟರ್ ಎತ್ತರದ ಹಳ್ಳಿಗಳಲ್ಲಿ, ಗುಲಾಬಿ ಕೊಯ್ದು ಪನ್ನೀರು ಇಳಿಸುವುದೂ ಏಪ್ರಿಲ್‌ನಲ್ಲೇ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅದಕ್ಕಿಂತ ಸ್ವಲ್ಪ ಮೇಲೆ ಊರೇ ಇದೆ ಅಂದರೆ ಮಕ್ಕಳಿಗೆ ಅಂದಾಜು ಸಿಗುತ್ತದೆ. ಬೆಟ್ಟದ ಬುಡದಲ್ಲಿ ಪೊಲೀಸ್ ಚೌಕಿ ಇದೆ, ಫೋರ್‌ವೀಲ್ ಗಾಡಿ ಅಲ್ಲದಿದ್ದರೆ ಮೇಲೆ ಬಿಡುವುದಿಲ್ಲ.

ಮಸ್ಕತ್‌ನಿಂದ ನಿಜ್ವಾ ಎರಡು ಗಂಟೆಯೊಳಗೆ. ರಸ್ತೆ ಅಗಲ, ಗಾಡಿ ಕಮ್ಮಿ. ಬಲಗಡೆ ಓಡಿಸುವುದನ್ನು ಕಲಿಯಲು ಜರ್ಮನಿಗಿಂತ ಇದು ವಾಸಿ ಅನ್ನುತ್ತಾಳೆ ತಂಗಿ. ನಿಜ್ವಾದಲ್ಲಿ ಕೋಟೆ, ಶುಕ್ರವಾರ ಬೆಳಿಗ್ಗೆ ಆಡಿನ ಸಂತೆ. ಎಲ್ಲಕ್ಕಿಂತ ಮುಖ್ಯ ಅಂದರೆ ಫಲಜ್, ಬೆಟ್ಟದ ನೀರನ್ನು ತೋಟಕ್ಕೆ ತರುವ ಹಳೆಯ ಕಾಲುವೆ. ಇವುಗಳಲ್ಲಿ ಐದಕ್ಕೆ 2006ರಲ್ಲಿ ಯುನೆಸ್ಕೋ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ನೀರನ್ನು ಹೊತ್ತಿನ ಲೆಕ್ಕದಲ್ಲಿ ಹಂಚಿಕೊಳ್ಳುತ್ತಾರೆ, ಹಿಂದಿನ ಕಾಲದಲ್ಲಿ ಆ ಹೊತ್ತನ್ನು ನೆರಳು ನೋಡಿ ಅಳೆಯುತ್ತಿದ್ದರು. ಬಾಬಾಬುಡನ್ ಏಳು ಕಾಫಿ ಬೀಜ ತಂದರು ಅನ್ನುವ ಯೆಮೆನ್ ಪಕ್ಕದ ದೇಶವೇ. ಒಮಾನಿಗಳ ಕಾಫಿ, ಕಹ್ವಾದಲ್ಲಿ ಏಲಕ್ಕಿ ಇರುತ್ತದೆ. ಕಾಫಿ ಅವರ ಕಡೆಯಿಂದ ಬಂತು, ಏಲಕ್ಕಿ ನಮ್ಮ ಘಟ್ಟದಿಂದ ಹೋಯಿತು ಅಂತ ಮಕ್ಕಳಿಗೆ ಹೇಳಲು ಒಂದು ಲೋಟ ಸಾಕು.

ಒಮಾನಿನ ಕಡಲತಡಿಯ ರಾಸ್ ಅಲ್ ಜಿಂಜ್‌ನಲ್ಲಿ ರಾತ್ರಿ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ. ಅದೇ ಜಾಗದಲ್ಲಿ ಅಗೆದಾಗ ಸಿಂಧೂ ನಾಗರಿಕತೆಯ ಮಡಕೆ ಚೂರುಗಳು ಸಿಕ್ಕಿವೆ. ಶಾಲೆಯಲ್ಲಿ ಸಿಂಧೂ ನಾಗರಿಕತೆಯ ಪಾಠ ಓದಿದ ಮಗುವಿಗೆ ಇದು ದೊಡ್ಡ ಸುದ್ದಿ.

ದುಡ್ಡು, ಕಾಗದ, ತಿಂಡಿ

ನಮ್ಮ ಮನೆ ಲೆಕ್ಕದಲ್ಲಿ ಶ್ರೀಲಂಕಾಗೆ ಒಂದು ರೂಪಾಯಿ ಅಂದರೆ ಜರ್ಮನಿಗೆ ನಾಲ್ಕು ರೂಪಾಯಿ ಆಯಿತು. ಒಮಾನ್‌ಗೆ ಹೋಟೆಲ್‌ನಲ್ಲಿ ಉಳಿದರೆ ಎರಡರ ಹತ್ತಿರ ಬರುತ್ತದೆ ಅಂತ ತಂಗಿಯ ಅಂದಾಜು. ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್ ಮೂರಕ್ಕೂ ನಡೆಯುವ ಶೆಂಗೆನ್ ವೀಸಾದ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12ರ ಒಳಗಿನವರಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಆರು ತಿಂಗಳ ಮೊದಲಿಂದ ಅರ್ಜಿ ಹಾಕಬಹುದು. ಏಪ್ರಿಲ್‌ಗೆ ಹೋಗುವವರು ಜನವರಿಗೇ ಬೆಂಗಳೂರಿನ ಅಪಾಯಿಂಟ್‌ಮೆಂಟ್ ಹಿಡಿಯಬೇಕು. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ನಿಮ್ಮ ಆರ್‌ಟಿಒದಲ್ಲೇ ಆಗುತ್ತದೆ, ಒಂದು ವರ್ಷ ನಡೆಯುತ್ತದೆ. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ, ತಾರೀಕು ನೋಡಿಕೊಳ್ಳಿ.

ಯುರೋಪಿಗೆ ತುಪ್ಪ, ಪೇಡ, ಹಾಲಿನ ಸಿಹಿ ಒಯ್ಯುವ ಹಾಗಿಲ್ಲ. ಅತ್ತೆ ಕಾಸಿ ಕೊಟ್ಟ ತುಪ್ಪದ ಬಾಟಲಿಯನ್ನು ಏರ್‌ಪೋರ್ಟಿಗೆ ಬಿಡಲು ಬಂದ ಮೈದುನನ ಕೈಗೆ ವಾಪಸ್ ಕೊಟ್ಟೆವು. ಅತ್ತೆಗೆ ಇನ್ನೂ ಬೇಜಾರಿದೆ. ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ, ರಾಗಿ ಹುರಿಹಿಟ್ಟು ತೊಂದರೆಯಿಲ್ಲದೆ ಬಂದವು. ಬೆಳಗಿನ ನಾಲ್ಕು ಗಂಟೆಗೆ ಎದ್ದು ಕೂತ ಮಕ್ಕಳಿಗೆ ಅದೇ ಗತಿ. ಜರ್ಮನಿ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ, ಸರಿಹೋಗಲು ನಾಲ್ಕು ದಿನ ಬೇಕು. ಹತ್ತು ದಿನಕ್ಕಿಂತ ಕಮ್ಮಿ ರಜೆ ಇದ್ದರೆ ಜರ್ಮನಿಯ ಹೆಸರೇ ಎತ್ತಬೇಡಿ.

ಮಗು 6ರ ಒಳಗಿದ್ದರೆ ನನ್ನ ಓಟು ಶ್ರೀಲಂಕಾಗೆ, ಯೋಚನೆಯೇ ಬೇಡ. ಎಲ್ಲರೂ 8 ದಾಟಿದ್ದರೆ, ಸಾಲ ಮಾಡದೆ ಆಗುವುದಾದರೆ, ಬಾಸೆಲ್ ದಾರಿ. ನಡುವಿನವರಿಗೆ, ತಾವೇ ಓಡಿಸುವ ಆಸೆ ಇದ್ದವರಿಗೆ, ಒಮಾನ್.

ಈ ಸಲ ನಮ್ಮದೂ ಒಮಾನ್. ಏಪ್ರಿಲ್ ಮಧ್ಯಕ್ಕೆ ಟಿಕೆಟ್ ಆಗಿದೆ, ಬುಕಿಂಗ್, ಕಾರ್ಡ್ ಎರಡೂ ನಮ್ಮವರ ಹೆಸರಲ್ಲೇ. ಚಿಕ್ಕವನಿಗೆ ಗುಲಾಬಿ, ಕೋಟೆ ಏನೂ ಬೇಡ. ಆಮೆ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಒಂದೇ ಪ್ರಶ್ನೆ. ರಾತ್ರಿ ಅಂದಿದ್ದೇನೆ. ನಿನ್ನೆಯಿಂದ ಮಧ್ಯಾಹ್ನ ತಾನಾಗೇ ಹೋಗಿ ಮಲಗುತ್ತಿದ್ದಾನೆ.